ಕಿವಿ ಹಣ್ಣು ತರುವ ಮುನ್ನ: ಹೊರನಾಡಿನ ಹಣ್ಣುಗಳು ಮತ್ತು ಅಲರ್ಜಿ



ಆಸ್ಪತ್ರೆಯಲ್ಲಿ ಮಲಗಿರುವವರನ್ನು ನೋಡಲು ಬರಿಗೈಯಲ್ಲಿ ಹೋಗಬಾರದು ಎಂಬುದು ನಮ್ಮ ಕಡೆಯ ಪದ್ಧತಿ. ಮೊದಲೆಲ್ಲ ಒಂದು ಚಿಪ್ಪು ಬಾಳೆಹಣ್ಣು, ಅರ್ಧ ಡಜನ್ ಮೂಸಂಬಿ, ಒಂದು ಬ್ರೆಡ್ಡು ಬರುತ್ತಿತ್ತು. ಈಗ ಅದರ ಜೊತೆಗೆ ಕಂದು ಬಣ್ಣದ, ಮೈಮೇಲೆ ಸಣ್ಣ ರೋಮವಿರುವ ಕಿವಿ ಹಣ್ಣು ಬರುತ್ತಿದೆ. ಡ್ರ್ಯಾಗನ್ ಹಣ್ಣು, ಬೆಣ್ಣೆಹಣ್ಣು, ರಂಬುಟಾನ್ ಕೂಡ ಬರುತ್ತಿವೆ. ಹಾಸನಕ್ಕೋ ಮೈಸೂರಿಗೋ ಹೋದವರು ಅಪರೂಪಕ್ಕೆ ತರುತ್ತಿದ್ದ ಹಣ್ಣುಗಳು ಈಗ ಕೊಣನೂರು, ಅರಕಲಗೂಡಿನ ಅಂಗಡಿಗಳಲ್ಲೇ ಸಿಗುತ್ತವೆ. ವಾರ್ಡಿನಲ್ಲಿ ಅಜ್ಜಿಯೊಬ್ಬರು ಅದನ್ನು ಕೈಯಲ್ಲಿ ಹಿಡಿದು "ಕಿವಿಗೂ ಹಣ್ಣಿಗೂ ಏನವ್ವಾ ಸಂಬಂಧ?" ಎಂದು ಕೇಳಿದ್ದರು. ನಮ್ಮ ಕಿವಿಗೂ ಅದಕ್ಕೂ ಸಂಬಂಧವಿಲ್ಲ. ಅದು ನ್ಯೂಜಿಲೆಂಡ್ ದೇಶದ ಒಂದು ಹಕ್ಕಿಯ ಹೆಸರು.

ಹಣ್ಣು ತಿನ್ನುವುದು ಒಳ್ಳೆಯದೇ. ಅದನ್ನು ಬೇಡ ಎನ್ನಲು ಈ ಲೇಖನ ಬರೆಯುತ್ತಿಲ್ಲ. ಆದರೆ ಹಿಂದೆಂದೂ ತಿನ್ನದ ಹಣ್ಣನ್ನು ಮೊದಲ ಬಾರಿಗೆ ತಿನ್ನಿಸಲು ರೋಗಿಯ ಹಾಸಿಗೆ ತಕ್ಕ ಜಾಗವಲ್ಲ. ಕಿವಿ ಹಣ್ಣು ಕೆಲವರ ಮೈಗೆ ಒಗ್ಗುವುದಿಲ್ಲ. ಒಗ್ಗದವರಲ್ಲಿ ಹೆಚ್ಚಿನವರಿಗೆ ಬಾಯಿ ತುರಿಸಿ ಅಲ್ಲಿಗೇ ನಿಲ್ಲುತ್ತದೆ, ಕೆಲವರಿಗೆ ಉಸಿರೇ ಕಟ್ಟುತ್ತದೆ. ಈ ಎರಡರ ವ್ಯತ್ಯಾಸ ರೋಗಿಯ ಕಡೆಯವರಿಗೆ ಗೊತ್ತಿರಬೇಕು. ಏಕೆಂದರೆ ಆ ಹೊತ್ತಿನಲ್ಲಿ ಹಾಸಿಗೆಯ ಪಕ್ಕದಲ್ಲಿ ಇರುವವರು ನೀವು.

ಡೆಂಗಿ ಜ್ವರಕ್ಕೆ ಕಿವಿ ಹಣ್ಣು ಔಷಧಿಯೇ?

ಈ ಹಣ್ಣು ನಮ್ಮ ವಾರ್ಡುಗಳಿಗೆ ಬಂದದ್ದು ಬಹುಮಟ್ಟಿಗೆ ಡೆಂಗಿಯ ಬೆನ್ನು ಹತ್ತಿ. 2024ರ ಮಳೆಗಾಲದಲ್ಲಿ ರಾಜ್ಯದ ತುಂಬ ಡೆಂಗಿ ಹೆಚ್ಚಾಗಿ, ಸೆಪ್ಟೆಂಬರಿನಲ್ಲಿ ಸರ್ಕಾರ ಅದನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಬೇಕಾಯಿತು. ನಮ್ಮ ಹಾಸನ ಜಿಲ್ಲೆಯಲ್ಲೂ ಜನ ಬಹಳ ಹೆದರಿದ್ದರು. "ಕಿವಿ ಹಣ್ಣು ತಿಂದರೆ ಬಿಳಿರಕ್ತಕಣ ಏರುತ್ತದಂತೆ" ಎಂಬ ಮಾತು ಬಾಯಿಂದ ಬಾಯಿಗೆ ಹರಡಿತು. ಮೊದಲಿಗೆ, ಡೆಂಗಿಯಲ್ಲಿ ಎಲ್ಲರೂ ಕೇಳುವ ಆ ಲೆಕ್ಕ ಪ್ಲೇಟ್‌ಲೆಟ್‌ಗಳದು. ರಕ್ತ ಹೆಪ್ಪುಗಟ್ಟಲು ನೆರವಾಗುವ ಕಣಗಳು ಅವು. ಬಿಳಿರಕ್ತಕಣವೇ ಬೇರೆ.

ಡೆಂಗಿಯಲ್ಲಿ ಸಾಮಾನ್ಯವಾಗಿ ಮೂರರಿಂದ ಏಳನೆಯ ದಿನದ ನಡುವೆ ಜ್ವರ ಇಳಿಯುತ್ತದೆ. ಪ್ಲೇಟ್‌ಲೆಟ್ ಸಂಖ್ಯೆ ತಳಕ್ಕೆ ಇಳಿಯುವುದೂ ಆ ಸಮಯದಲ್ಲೇ. ಅಪಾಯದ ಆ ಒಂದೆರಡು ದಿನ ದಾಟಿದ ಮೇಲೆ ಅದು ತಾನಾಗಿಯೇ ಏರುತ್ತದೆ. ಜನ ಗಾಬರಿಯಾಗಿ ಹಣ್ಣು ತರುವುದು ಸಂಖ್ಯೆ ಇಳಿದಾಗ. ಮರುದಿನ ಏರಿದರೆ ಹೆಸರು ಬರುವುದು ಹಣ್ಣಿಗೆ! ಕಿವಿ ತಿನ್ನದ ಪಕ್ಕದ ಹಾಸಿಗೆಯವರಿಗೂ ಅದೇ ರೀತಿ ಏರಿರುತ್ತದೆ, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಡೆಂಗಿ ರೋಗಿಗೆ ಬೇಕಾದದ್ದು ನೀರು, ಗಂಜಿ, ಎಳನೀರು, ಓಆರ್‌ಎಸ್, ವಿಶ್ರಾಂತಿ, ವೇಳೆಗೆ ಸರಿಯಾಗಿ ರಕ್ತಪರೀಕ್ಷೆ ಮತ್ತು ರಕ್ತದೊತ್ತಡದ ತಪಾಸಣೆ.

ಕಿವಿಯಲ್ಲಿ ಸಿ ಜೀವಸತ್ವ ಚೆನ್ನಾಗಿದೆ ಎಂಬುದು ನಿಜ. 100 ಗ್ರಾಂ ಹಣ್ಣಿನಲ್ಲಿ ಸುಮಾರು 90 ಮಿಲಿಗ್ರಾಂ ಇರುತ್ತದೆ. ಆದರೆ ನಮ್ಮ ಹಿತ್ತಲಿನ ಸೀಬೆಹಣ್ಣಿನ 100 ಗ್ರಾಂನಲ್ಲಿ 200 ಮಿಲಿಗ್ರಾಂಗೂ ಹೆಚ್ಚು ಇದೆ. ನೆಲ್ಲಿಕಾಯಿಯಲ್ಲಿ ಅದಕ್ಕಿಂತಲೂ ಹೆಚ್ಚು. ಕೂಲಿ ಮಾಡುವವರು ದಿನದ ದುಡಿಮೆಯನ್ನೆಲ್ಲ ಕೊಟ್ಟು ನಾಲ್ಕು ಕಿವಿ ಹಣ್ಣು ತಂದಾಗ ನನಗೆ ಸಂಕಟವಾಗುತ್ತದೆ. ಆ ದುಡ್ಡಿನಲ್ಲಿ ಮನೆಮಂದಿಗೆಲ್ಲ ಸೀಬೆಹಣ್ಣು ಬರುತ್ತಿತ್ತು.

ಮನೆಯ ಹಿರಿಯರಿಗೂ ಗೊತ್ತಿಲ್ಲದ ಹಣ್ಣು

ಕಿವಿ ಹಣ್ಣಿನ ಮೂಲ ಚೀನಾ. 1904ರಲ್ಲಿ ಅದರ ಬೀಜ ನ್ಯೂಜಿಲೆಂಡಿಗೆ ಹೋಯಿತು. 1959ರಲ್ಲಿ ಅಲ್ಲಿನ ವ್ಯಾಪಾರಿಗಳು ಹೊರದೇಶಗಳಿಗೆ ಮಾರಲು ಅನುಕೂಲವಾಗಲೆಂದು ತಮ್ಮ ನಾಡಿನ ಹಕ್ಕಿಯ ಹೆಸರಿಟ್ಟರು. ನಮ್ಮ ದೇಶದಲ್ಲಿ ಈ ಬಳ್ಳಿಯನ್ನು ಮೊದಲು ನೆಟ್ಟದ್ದು ಬೆಂಗಳೂರಿನ ಲಾಲ್‌ಬಾಗಿನಲ್ಲಿ, 1960ರ ಸುಮಾರಿಗೆ. ಇಲ್ಲಿನ ಚಳಿ ಸಾಲದೆ ಅದು ಹಣ್ಣು ಬಿಡಲಿಲ್ಲ. ಮುಂದೆ ಶಿಮ್ಲಾ ಕಡೆಗೆ ಒಯ್ದ ಮೇಲೆ ಫಲ ಕೊಟ್ಟಿತು. ಈಗ ಹಿಮಾಚಲ, ಅರುಣಾಚಲ ಪ್ರದೇಶಗಳಲ್ಲಿ ಬೆಳೆಯುತ್ತಾರೆ, ಹೊರದೇಶದಿಂದಲೂ ಬರುತ್ತದೆ.

ಈ ಕಥೆ ಹೇಳಿದ್ದಕ್ಕೆ ಕಾರಣವಿದೆ. ನಮ್ಮ ಊಟದ ಪದಾರ್ಥಗಳ ವಿಷಯದಲ್ಲಿ ಮನೆಯ ಹಿರಿಯರಿಗೆ ಒಂದು ಲೆಕ್ಕ ಇರುತ್ತದೆ. "ಇವನಿಗೆ ಬದನೆಕಾಯಿ ಆಗಿಬರುವುದಿಲ್ಲ, ತಿಂದರೆ ಮೈ ಕಡಿಯುತ್ತದೆ" ಎಂದು ಅತ್ತೆ ಸೊಸೆಗೆ ಮೊದಲೇ ಹೇಳಿರುತ್ತಾರೆ. ಇಂಥ ಮಾತನ್ನು ಬರೀ ಮೂಢನಂಬಿಕೆ ಎಂದು ತಳ್ಳಿಹಾಕಲಾಗದು. ಬದನೆಕಾಯಿಯ ಅಲರ್ಜಿಯ ಬಗ್ಗೆ ಮೈಸೂರಿನಲ್ಲೇ ವಿಜ್ಞಾನಿಗಳು ಅಧ್ಯಯನ ಮಾಡಿ, ಕೆಲವರಲ್ಲಿ ಅದು ನಿಜವಾಗಿಯೂ ಇದೆ ಎಂದು ಕಂಡಿದ್ದಾರೆ. ಆದರೆ ಕಿವಿ ಹಣ್ಣಿನ ವಿಷಯದಲ್ಲಿ ಹೀಗೆ ಹೇಳುವ ಅಜ್ಜಿ ಯಾರ ಮನೆಯಲ್ಲೂ ಇಲ್ಲ. ಅಪ್ಪನಿಗೆ ಆಗುತ್ತಿತ್ತೇ, ಚಿಕ್ಕಪ್ಪನಿಗೆ ಆಗುತ್ತಿತ್ತೇ, ಯಾರಿಗೂ ತಿಳಿಯದು.

ಅಲರ್ಜಿ ಎಂದರೇನು?

ನಮ್ಮ ಮೈಯಲ್ಲಿ ರೋಗಾಣುಗಳನ್ನು ತಡೆಯುವ ಕಾವಲು ವ್ಯವಸ್ಥೆ ಇದೆ. ಕೆಲವರಲ್ಲಿ ಈ ಕಾವಲುಗಾರ ಹಬ್ಬಕ್ಕೆ ಬಂದ ನೆಂಟನನ್ನೇ ಕಳ್ಳನೆಂದು ತಿಳಿದು ದೊಣ್ಣೆ ಎತ್ತುತ್ತಾನೆ. ಹಣ್ಣಿನಲ್ಲಿರುವ ಒಂದು ಸಸಾರಜನಕ, ಅಂದರೆ ಪ್ರೋಟೀನು, ಏನೂ ಕೆಡುಕು ಮಾಡದಿದ್ದರೂ ಅದರ ವಿರುದ್ಧ ಐಜಿಇ ಎಂಬ ಪ್ರತಿಕಾಯ ತಯಾರಾಗುತ್ತದೆ. ಮುಂದಿನ ಸಲ ಆ ಹಣ್ಣು ತಿಂದಾಗ ಚರ್ಮ, ಬಾಯಿ, ಶ್ವಾಸನಾಳ, ಕರುಳುಗಳಲ್ಲಿರುವ ಕೆಲವು ಕಣಗಳು ಹಿಸ್ಟಮಿನ್ ಮೊದಲಾದ ರಾಸಾಯನಿಕಗಳನ್ನು ಒಮ್ಮೆಲೇ ಹೊರಬಿಡುತ್ತವೆ. ತುರಿಕೆ, ದದ್ದು, ಊತ, ಉಬ್ಬಸ, ವಾಂತಿ, ರಕ್ತದೊತ್ತಡ ಕುಸಿಯುವುದು ಎಲ್ಲವೂ ಇದರಿಂದಲೇ. ಕಿವಿ ಹಣ್ಣಿನಲ್ಲಿ ಹೀಗೆ ತೊಂದರೆ ಕೊಡುವ ಪ್ರೋಟೀನುಗಳಲ್ಲಿ ಮುಖ್ಯವಾದದ್ದು ಆಕ್ಟಿನಿಡಿನ್. ಹಸಿರು ತಿರುಳಿನ ಕಿವಿಯಲ್ಲಿ ಇದು ಹೆಚ್ಚು, ಹಳದಿ ತಿರುಳಿನದರಲ್ಲಿ ಕಡಿಮೆ. ಹಾಗೆಂದು ಹಸಿರು ಆಗದವರು ಹಳದಿಯನ್ನು ತಿಂದು ನೋಡಬಾರದು. ಅದರಲ್ಲಿ ಬೇರೆ ಪ್ರೋಟೀನುಗಳೂ ಇವೆ.

"ಮೊದಲ ಸಲ ತಿಂದಾಗ ಏನೂ ಆಗುವುದಿಲ್ಲವಂತಲ್ಲ ಸಿಸ್ಟರ್" ಎಂದು ಕೆಲವರು ಕೇಳುತ್ತಾರೆ. ಸಾಮಾನ್ಯವಾಗಿ ಮೊದಲು ಪ್ರತಿಕಾಯ ಬೆಳೆದು ಆಮೇಲೆ ತೊಂದರೆ ಕಾಣಿಸಿಕೊಳ್ಳುವುದು ಸರಿ. ಆದರೆ ಕಿವಿ ಈ ಮಾತಿಗೆ ಕಟ್ಟುಬೀಳುವುದಿಲ್ಲ. ಅದರ ಪ್ರೋಟೀನುಗಳನ್ನು ಹೋಲುವ ಪ್ರೋಟೀನುಗಳು ಬೇರೆ ಕಡೆಯೂ ಇರುವುದರಿಂದ, ಬೇರೊಂದರಿಂದ ಬೆಳೆದ ಪ್ರತಿಕಾಯ ಕಿವಿಯನ್ನೂ ಹಿಡಿಯುತ್ತದೆ. ಇಂಗ್ಲೆಂಡಿನ ಸೌತಾಂಪ್ಟನ್‌ನ ವೈದ್ಯರು 2004ರಲ್ಲಿ ಕಿವಿ ಅಲರ್ಜಿಯಿದೆ ಎಂದ 273 ಜನರ ವಿವರ ಪ್ರಕಟಿಸಿದರು. ಐದು ವರ್ಷದೊಳಗಿನ ಮಕ್ಕಳಲ್ಲಿ ಅನೇಕರಿಗೆ ಮೊದಲ ಸಲ ತಿಂದಾಗಲೇ ತೊಂದರೆಯಾಗಿತ್ತು.

ರಬ್ಬರು ಮತ್ತು ಹಣ್ಣು

ಓದುಗರಿಗೆ ಆಶ್ಚರ್ಯವಾಗಬಹುದು, ಕಿವಿ ಹಣ್ಣಿಗೂ ರಬ್ಬರಿಗೂ ನಂಟಿದೆ. ರಬ್ಬರ್ ಮರದ ಹಾಲಿನಲ್ಲಿರುವ ಕೆಲವು ಪ್ರೋಟೀನುಗಳು ಕಿವಿ, ಬಾಳೆಹಣ್ಣು, ಬೆಣ್ಣೆಹಣ್ಣು, ಪಪ್ಪಾಯಿ ಮೊದಲಾದವುಗಳಲ್ಲಿರುವ ಪ್ರೋಟೀನುಗಳನ್ನು ಹೋಲುತ್ತವೆ. ರಬ್ಬರ್ ಅಲರ್ಜಿ ಇರುವ ನೂರು ಜನರಲ್ಲಿ 30ರಿಂದ 50 ಜನಕ್ಕೆ ಇಂಥ ಯಾವುದಾದರೂ ಹಣ್ಣು ಕೂಡ ಒಗ್ಗುವುದಿಲ್ಲ. ದಿನವೂ ರಬ್ಬರ್ ಕೈಗವಸು ಹಾಕುವ ನಮ್ಮಂಥ ಆಸ್ಪತ್ರೆ ಸಿಬ್ಬಂದಿ, ಹಲವು ಶಸ್ತ್ರಚಿಕಿತ್ಸೆ ಆದವರು, ಹುಟ್ಟಿನಿಂದ ಬೆನ್ನುಹುರಿಯ ತೊಂದರೆಯಿದ್ದು ಪದೇ ಪದೇ ಮೂತ್ರದ ನಳಿಕೆ ಹಾಕಿಸಿಕೊಂಡ ಮಕ್ಕಳು, ರಬ್ಬರ್ ತೋಟದಲ್ಲಿ ಕೆಲಸ ಮಾಡಿದವರು ಈ ವಿಷಯದಲ್ಲಿ ಎಚ್ಚರದಿಂದಿರಬೇಕು.

ನಾನು ದಾಖಲಾತಿಯ ಸಮಯದಲ್ಲಿ ಕೇಳುವ ಒಂದು ಪ್ರಶ್ನೆ ಇದು: "ಬಲೂನ್ ಊದಿದಾಗ ತುಟಿ ಊದಿಕೊಂಡದ್ದು ಉಂಟೇ?" ಜನ ನಗುತ್ತಾರೆ. ಉಂಟು ಎಂದಾದರೆ ದಯವಿಟ್ಟು ಹೇಳಿ. ನಾವು ನಿಮಗೆ ಬಳಸುವ ಕೈಗವಸನ್ನೇ ಬದಲಿಸಬೇಕಾಗುತ್ತದೆ.

ನಮ್ಮ ಕರ್ನಾಟಕದ ಲೆಕ್ಕ

ಇದೆಲ್ಲ ಪರದೇಶದವರ ಕಾಯಿಲೆ ಎಂದುಕೊಳ್ಳಬೇಡಿ. ಬೆಂಗಳೂರು ಮತ್ತು ಮೈಸೂರಿನಲ್ಲಿ 11,791 ವಯಸ್ಕರನ್ನು ವಿಚಾರಿಸಿ ಮಾಡಿದ ದೊಡ್ಡ ಅಧ್ಯಯನವೊಂದು 2016ರಲ್ಲಿ ಪ್ರಕಟವಾಯಿತು. ಮೈಸೂರಿನ ಜೆಎಸ್‌ಎಸ್ ವೈದ್ಯಕೀಯ ಕಾಲೇಜಿನ ವೈದ್ಯರು ಅದರಲ್ಲಿ ಮುಖ್ಯ ಪಾತ್ರ ವಹಿಸಿದ್ದರು. ಅದರ ಪ್ರಕಾರ ನೂರಕ್ಕೆ 26.5 ಜನರ ರಕ್ತದಲ್ಲಿ ಯಾವುದಾದರೊಂದು ಆಹಾರದ ವಿರುದ್ಧ ಪ್ರತಿಕಾಯ ಇತ್ತು. ಇಲ್ಲಿನ ಜನ ಹೆಚ್ಚಾಗಿ ತಿನ್ನದ ಆಹಾರಗಳ ವಿರುದ್ಧವೂ ಇತ್ತು! ಆದರೆ ತಿಂದಾಗ ನಿಜವಾಗಿ ತೊಂದರೆಯಾಗುವವರು ನೂರಕ್ಕೆ 1.2 ಮಾತ್ರ.

ಈ ಎರಡು ಸಂಖ್ಯೆಗಳ ನಡುವಿನ ಅಂತರವನ್ನು ಗಮನಿಸಿ. ರಕ್ತ ಪರೀಕ್ಷೆಯಲ್ಲಿ "ಪಾಸಿಟಿವ್" ಬಂದ ಮಾತ್ರಕ್ಕೆ ಆ ಆಹಾರ ಆಗದು ಎಂದಲ್ಲ. ಕೆಲವರು ಸಾವಿರಾರು ರೂಪಾಯಿ ಕೊಟ್ಟು ಹತ್ತಾರು ಆಹಾರಗಳ ಅಲರ್ಜಿ ಪರೀಕ್ಷೆ ಮಾಡಿಸಿ, ಆ ಪಟ್ಟಿ ನೋಡಿ ಮಕ್ಕಳಿಗೆ ಗೋಧಿ, ಹಾಲು, ಎಳ್ಳು ಎಲ್ಲವನ್ನೂ ನಿಲ್ಲಿಸಿ ಬರುತ್ತಾರೆ. ಮಗು ಸೊರಗಿರುತ್ತದೆ. ಏನು ತಿಂದಾಗ, ಎಷ್ಟು ಹೊತ್ತಿಗೆ, ಏನಾಯಿತು ಎಂದು ನೀವು ಹೇಳುವ ವಿವರವೇ ವೈದ್ಯರಿಗೆ ದೊಡ್ಡ ಆಧಾರ. ಪರೀಕ್ಷೆ ಅದರ ನಂತರ.

ಬಾಯಿ ತುರಿಸಿದರೆಲ್ಲ ಅಲರ್ಜಿಯೇ?

ಅಲ್ಲ. ಕೆಸುವಿನ ಸೊಪ್ಪನ್ನು ಹುಳಿ ಹಾಕದೆ ಬೇಯಿಸಿದರೆ ಗಂಟಲು ಕೆರೆಯುವುದು ಯಾರಿಗೆ ಗೊತ್ತಿಲ್ಲ! ಅದರಲ್ಲಿ ಸೂಜಿಯಂತಹ ಸಣ್ಣ ಹರಳುಗಳಿವೆ, ಅವು ಯಾರ ಬಾಯಿಯನ್ನಾದರೂ ಚುಚ್ಚುತ್ತವೆ. ಕಿವಿ ಹಣ್ಣಿನಲ್ಲೂ ಅಂಥ ಹರಳುಗಳಿವೆ. ಜೊತೆಗೆ ಆಕ್ಟಿನಿಡಿನ್‌ಗೆ ಪ್ರೋಟೀನನ್ನು ಕರಗಿಸುವ ಗುಣವಿದೆ. ಅನಾನಸ್ ತಿಂದಾಗ ನಾಲಿಗೆ ಉರಿಯುವುದೂ ಇಂಥದ್ದೇ ಕಾರಣದಿಂದ. ಸರಿಯಾಗಿ ಹಣ್ಣಾಗದ ಕಿವಿ ತಿಂದು ನಾಲಿಗೆ ಸ್ವಲ್ಪ ಚುರುಗುಟ್ಟಿ, ನೀರು ಕುಡಿದ ಮೇಲೆ ಕಡಿಮೆಯಾದರೆ ಅದು ಕೆಸುವಿನ ಸಾಲಿಗೆ ಸೇರಿದ್ದು.

ಇನ್ನು ಕೆಲವರಿಗೆ ತುಟಿ, ನಾಲಿಗೆ, ಅಂಗುಳ, ಕಿವಿಯೊಳಗೆ ತುರಿಕೆ ಬರುತ್ತದೆ, ತುಟಿ ತುಸು ದಪ್ಪಗಾಗುತ್ತದೆ. ಇದು ಅಲರ್ಜಿ. ಬಾಯಿಗಷ್ಟೇ ಸೀಮಿತವಾದದ್ದು. ತಿನ್ನುವುದನ್ನು ತಕ್ಷಣ ನಿಲ್ಲಿಸಿ, ಬಾಯಲ್ಲಿರುವುದನ್ನು ಉಗಿದು, ಬಾಯಿ ಮುಕ್ಕಳಿಸಿ, ನರ್ಸಿಗೆ ತಿಳಿಸಿ. ಮನೆಯಲ್ಲಿದ್ದರೆ ರೋಗಿಯನ್ನು ಒಂಟಿಯಾಗಿ ಬಿಡಬೇಡಿ. ಮೊದಲ ಅರ್ಧ ಗಂಟೆ ಪಕ್ಕದಲ್ಲೇ ಕುಳಿತು ನೋಡುತ್ತಿರಿ, ಆಮೇಲೂ ಒಂದೆರಡು ಗಂಟೆ ಗಮನವಿರಲಿ.

ತುರಿಕೆ ಬಾಯಿ ದಾಟಿದರೆ

ಇಲ್ಲಿಂದ ಮುಂದೆ ದಯವಿಟ್ಟು ನಿಧಾನವಾಗಿ ಓದಿ, ಓದಲು ಬಾರದವರಿಗೆ ಓದಿ ಹೇಳಿ.

ಹಣ್ಣು ತಿಂದ ಕೆಲವು ನಿಮಿಷದಿಂದ ಎರಡು ಗಂಟೆಯೊಳಗೆ ಮೈಮೇಲೆಲ್ಲ ದದ್ದು ಎದ್ದು, ಅದರ ಜೊತೆಗೆ ಉಸಿರಾಟದ ತೊಂದರೆಯೋ, ಬಿಟ್ಟೂ ಬಿಡದೆ ವಾಂತಿ ಹೊಟ್ಟೆನೋವೋ, ತಲೆಸುತ್ತೋ ಬಂದರೆ ಅದು ತುರ್ತು ಪರಿಸ್ಥಿತಿ. ವೈದ್ಯರು ಇದನ್ನು ಅನಾಫೈಲಾಕ್ಸಿಸ್ ಎನ್ನುತ್ತಾರೆ. ದನಿ ಗೊಗ್ಗರಾಗುವುದು, ಉಗುಳು ನುಂಗಲಾಗದಿರುವುದು, ನಾಲಿಗೆ ಊದಿಕೊಳ್ಳುವುದು, ಎದೆಯಲ್ಲಿ ಸುಯ್‌ಗುಟ್ಟುವ ಶಬ್ದ, ಮುಖ ಬಿಳಿಚಿ ಬೆವರುವುದು, ಕಣ್ಣು ಕತ್ತಲೆ ಬರುವುದು, "ನನಗೇನೋ ಆಗುತ್ತಿದೆ" ಎಂದು ರೋಗಿ ಹೆದರುವುದು, ಇವನ್ನು ಕಡೆಗಣಿಸಬೇಡಿ. ಚಿಕ್ಕ ಮಕ್ಕಳು ಹೇಳಲಾರರು. ಇದ್ದಕ್ಕಿದ್ದಂತೆ ಮಂಕಾಗುತ್ತಾರೆ, ಜೋತುಬೀಳುತ್ತಾರೆ. ಇನ್ನೊಂದು ಮಾತು, ದದ್ದು ಇಲ್ಲದೆಯೂ ಇದು ಬರಬಹುದು. ಮೈಮೇಲೆ ಏನೂ ಇಲ್ಲವಲ್ಲ ಎಂದು ಸುಮ್ಮನಿರಬಾರದು.

ನಮ್ಮ ಹಳ್ಳಿಗಳಲ್ಲಿ ದದ್ದು ಎದ್ದರೆ "ಪಿತ್ತದ ಗಂಧೆ" ಎಂದು ಕಂಬಳಿಯಿಂದ ಉಜ್ಜುವುದುಂಟು, ದೃಷ್ಟಿ ತೆಗೆಯುವುದುಂಟು. ಹಣೆಗೆ ವಿಭೂತಿ ಇಟ್ಟು ಬೇಡಿಕೊಳ್ಳುವವರೂ ಇದ್ದಾರೆ. ನಂಬಿಕೆಯನ್ನು ಯಾರೂ ಬೇಡ ಎನ್ನುವುದಿಲ್ಲ. ವಿಭೂತಿಯನ್ನು ವಾಹನದಲ್ಲಿ ಕುಳಿತ ಮೇಲೂ ಇಡಬಹುದು. ಹೊರಡುವುದು ಮಾತ್ರ ತಡವಾಗಬಾರದು.

ಈ ಸ್ಥಿತಿಗೆ ಮೊದಲ ಔಷಧಿ ಒಂದೇ, ಅಡ್ರಿನಲಿನ್ ಚುಚ್ಚುಮದ್ದು. ತೊಡೆಯ ಹೊರಭಾಗದ ಮಾಂಸಖಂಡಕ್ಕೆ ಕೊಡುತ್ತಾರೆ. ದೊಡ್ಡವರಿಗೆ ಅರ್ಧ ಮಿಲಿಗ್ರಾಂ, ಮಕ್ಕಳಿಗೆ ತೂಕ ನೋಡಿ ಕಡಿಮೆ. ಗುಣ ಕಾಣದಿದ್ದರೆ ಐದು ನಿಮಿಷ ಬಿಟ್ಟು ಮತ್ತೊಮ್ಮೆ. ಕೊಟ್ಟ ಮೇಲೆ ಎದೆ ಡವಡವ ಎನ್ನುತ್ತದೆ, ಕೈ ನಡುಗುತ್ತದೆ. ಅದು ಔಷಧಿಯ ಗುಣ, ಹೆದರಬೇಡಿ. ಹೆಚ್ಚು ಜನ ಮಾಡುವುದು ಏನೆಂದರೆ ಮೆಡಿಕಲ್ ಸ್ಟೋರಿನಿಂದ ಏವಿಲ್ ಅಥವಾ ಸಿಟ್ರಿಜಿನ್ ಮಾತ್ರೆ ತಂದು ನುಂಗಿಸಿ, "ಈಗ ಕಡಿಮೆಯಾಗುತ್ತದೆ" ಎಂದು ಕಾಯುವುದು. ಈ ಮಾತ್ರೆಗಳು ತುರಿಕೆಯನ್ನು ತಗ್ಗಿಸುತ್ತವೆ. ಕಟ್ಟಿಕೊಳ್ಳುತ್ತಿರುವ ಉಸಿರನ್ನು ಬಿಡಿಸಲಾರವು, ಕುಸಿದ ರಕ್ತದೊತ್ತಡವನ್ನು ಎತ್ತಲಾರವು. ತುರಿಕೆ ಕಡಿಮೆಯಾದದ್ದನ್ನು ನೋಡಿ ಮನೆಯವರು ಸಮಾಧಾನಪಟ್ಟುಕೊಳ್ಳುತ್ತಾರೆ, ಒಳಗೆ ಹೊತ್ತು ಮೀರುತ್ತಿರುತ್ತದೆ. ಮಾತ್ರೆಗೆ ಕಾದು ಕಳೆದುಕೊಂಡ ಅರ್ಧ ಗಂಟೆ ಮತ್ತೆ ಸಿಗುವುದಿಲ್ಲ.

ಆದ್ದರಿಂದ 108ಕ್ಕೆ ಕರೆ ಮಾಡಿ, "ಹಣ್ಣು ತಿಂದು ಅಲರ್ಜಿಯಾಗಿ ಉಸಿರಾಡಲು ಕಷ್ಟವಾಗಿದೆ" ಎಂದೇ ಸ್ಪಷ್ಟವಾಗಿ ಹೇಳಿ. ಬರೀ "ಹುಷಾರಿಲ್ಲ" ಎನ್ನಬೇಡಿ. ಆಂಬ್ಯುಲೆನ್ಸ್ ತಡವಾಗುವಂತಿದ್ದರೆ ಸಿಕ್ಕ ವಾಹನದಲ್ಲಿ ಅತಿ ಹತ್ತಿರದ ಆಸ್ಪತ್ರೆಗೆ ಹೋಗಿ. ನೇರವಾಗಿ ಹಾಸನಕ್ಕೇ ಹೋಗೋಣ ಎಂದು ದಾರಿಯಲ್ಲಿರುವ ಆಸ್ಪತ್ರೆಗಳನ್ನು ದಾಟಿಕೊಂಡು ಹೋಗಬೇಡಿ. ಲಸಿಕೆ ಹಾಕುವ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಅಡ್ರಿನಲಿನ್ ಇಟ್ಟಿರುತ್ತಾರೆ, ಏಕೆಂದರೆ ಲಸಿಕೆಯಿಂದಲೂ ಅಪರೂಪಕ್ಕೆ ಇಂಥ ತೊಂದರೆ ಆಗಬಹುದು. ಮೊದಲ ಚುಚ್ಚುಮದ್ದು ಅಲ್ಲಿ ಆಗಲಿ, ಮುಂದಿನ ಪ್ರಯಾಣ ಆಮೇಲೆ.

ಅಷ್ಟರವರೆಗೆ ರೋಗಿಯನ್ನು ಅಂಗಾತ ಮಲಗಿಸಿ ಕಾಲುಗಳನ್ನು ದಿಂಬಿನ ಮೇಲೆ ಎತ್ತರಿಸಿ. ಉಸಿರಾಡಲು ಕಷ್ಟವಿದ್ದರೆ ಒರಗಿಸಿ ಕೂರಿಸಬಹುದು. ವಾಂತಿಯಾಗುತ್ತಿದ್ದರೆ, ಪ್ರಜ್ಞೆ ತಪ್ಪಿದ್ದರೆ ಅಥವಾ ಬಸುರಿಯಾಗಿದ್ದರೆ ಎಡಮಗ್ಗುಲಿಗೆ ಮಲಗಿಸಿ. ಎದ್ದು ನಿಲ್ಲಿಸಬೇಡಿ, ನಡೆಸಿಕೊಂಡು ಹೋಗಬೇಡಿ. ರಕ್ತದೊತ್ತಡ ಬಿದ್ದಿರುವಾಗ ತಟ್ಟನೆ ನಿಂತರೆ ಹೃದಯಕ್ಕೆ ರಕ್ತ ಸಾಲದೆ ಕುಸಿದು ಬೀಳುತ್ತಾರೆ. ಬಾಯಿಗೆ ನೀರು, ಮಜ್ಜಿಗೆ, ನಿಂಬೆರಸ ಹುಯ್ಯಬೇಡಿ. ಬೆರಳು ಹಾಕಿ ವಾಂತಿ ಮಾಡಿಸಬೇಡಿ. ರಕ್ತದೊತ್ತಡದ ಅಥವಾ ಹೃದಯದ ಮಾತ್ರೆ ತೆಗೆದುಕೊಳ್ಳುವವರಾದರೆ ಆ ಮಾತ್ರೆಯ ಸ್ಟ್ರಿಪ್ಪನ್ನೂ ಜೊತೆಗೆ ತನ್ನಿ, ಅವುಗಳಲ್ಲಿ ಕೆಲವು ಅಡ್ರಿನಲಿನ್ ಸರಿಯಾಗಿ ಕೆಲಸ ಮಾಡದಂತೆ ತಡೆಯುತ್ತವೆ.

ಚುಚ್ಚುಮದ್ದಿನ ನಂತರ ಹತ್ತು ನಿಮಿಷದಲ್ಲಿ ಆರಾಮವಾಯಿತೆಂದು ಮನೆಗೆ ಹೊರಡುವವರಿದ್ದಾರೆ. ಕೆಲವರಲ್ಲಿ ಕೆಲವು ಗಂಟೆ ಬಿಟ್ಟು ಅದೇ ತೊಂದರೆ ಮರುಕಳಿಸುತ್ತದೆ. ವೈದ್ಯರು ಹೇಳುವಷ್ಟು ಹೊತ್ತು, ಕೆಲವೊಮ್ಮೆ ಇಡೀ ದಿನ, ಇರಲೇಬೇಕು. ಹಸುವಿನ ಹಾಲು ಕರೆಯುವವರಿಲ್ಲ ಎಂಬ ನಿಮ್ಮ ಕಷ್ಟ ನಮಗೆ ಅರ್ಥವಾಗುತ್ತದೆ, ಪಕ್ಕದ ಮನೆಯವರಿಗೆ ಫೋನ್ ಮಾಡಿ.

ಆಸ್ತಮಾ ಇರುವವರಿಗೆ ಪ್ರತ್ಯೇಕವಾಗಿ ಹೇಳಬೇಕು. ಉಬ್ಬಸ ಹತೋಟಿಯಲ್ಲಿ ಇಲ್ಲದಿರುವಾಗ ಅಲರ್ಜಿಯಾದರೆ ಅಪಾಯ ಹೆಚ್ಚು. ನಮ್ಮ ಕೊಣನೂರು, ರಾಮನಾಥಪುರದ ಸುತ್ತ ಹೊಗೆಸೊಪ್ಪು ಬ್ಯಾರನ್ ಕೆಲಸದ ಕಾಲದಲ್ಲಿ ಹೊಗೆಗೆ ಉಬ್ಬಸ ಕೆರಳಿದವರು ಹೊಸ ಹಣ್ಣುಗಳ ಗೋಜಿಗೆ ಹೋಗದಿರುವುದೇ ಲೇಸು. ಇನ್‌ಹೇಲರ್ ನಿಲ್ಲಿಸಬೇಡಿ.

ವಾರ್ಡಿನಲ್ಲಿ ಮುಚ್ಚಿಡಬೇಡಿ

ಡೆಂಗಿ ರೋಗಿಗೆ ಕಾಯಿಲೆಯಿಂದಲೇ ಮೈಮೇಲೆ ಕೆಂಪು ಗುಳ್ಳೆ, ತುರಿಕೆ ಬರುತ್ತದೆ. ಕಾಯಿಲೆಯಿಂದಲೇ ರಕ್ತದೊತ್ತಡವೂ ಇಳಿಯಬಹುದು. ಹಣ್ಣಿನ ಅಲರ್ಜಿಯಲ್ಲೂ ಇವೇ ಲಕ್ಷಣ. ಎರಡರ ಚಿಕಿತ್ಸೆ ಬೇರೆ ಬೇರೆ. ರೋಗಿ ಏನು ತಿಂದರು ಎಂದು ನಾವು ಕೇಳಿದಾಗ "ಏನೂ ಇಲ್ಲ ಸಿಸ್ಟರ್, ಬರೀ ಗಂಜಿ" ಎನ್ನುತ್ತಾರೆ. ಮಂಚದ ಕೆಳಗೆ ಕಿವಿ ಹಣ್ಣಿನ ಸಿಪ್ಪೆ ಇರುತ್ತದೆ. ಬೈಯುತ್ತಾರೆಂಬ ಭಯಕ್ಕೆ ಹೀಗೆ ಹೇಳುತ್ತಾರೆ. ನಮ್ಮಲ್ಲೂ ಕೆಲವರ ದನಿ ಗಡುಸು, ಒಪ್ಪುತ್ತೇನೆ. ಆದರೂ ಹೇಳಿ. ಏನು ತಿಂದರು, ಎಷ್ಟು ಹೊತ್ತಿಗೆ ತಿಂದರು ಎಂಬ ಎರಡು ಮಾತು ವೈದ್ಯರಿಗೆ ಸಿಕ್ಕರೆ ಯಾವ ಚಿಕಿತ್ಸೆ ಎಂಬುದು ಬೇಗ ತೀರ್ಮಾನವಾಗುತ್ತದೆ.

ಹಾಗೆಯೇ ಕೆಂಪು ತಿರುಳಿನ ಡ್ರ್ಯಾಗನ್ ಹಣ್ಣು, ಬೀಟ್‌ರೂಟ್, ದಾಳಿಂಬೆ ರಸ ಇವನ್ನು ಡೆಂಗಿ ಇರುವಾಗ ಕೊಡಬೇಡಿ. ಇವು ಅಲರ್ಜಿ ಮಾಡುತ್ತವೆ ಎಂದಲ್ಲ. ವಾಂತಿಯೋ ಮಲವೋ ಮೂತ್ರವೋ ಕೆಂಪಾದಾಗ ಅದು ಹಣ್ಣಿನ ಬಣ್ಣವೇ ಅಥವಾ ಒಳಗೆ ರಕ್ತಸ್ರಾವವಾಗುತ್ತಿದೆಯೇ ಎಂದು ತಿಳಿಯದೆ ಎಲ್ಲರೂ ಗಾಬರಿಯಾಗಬೇಕಾಗುತ್ತದೆ. ಇನ್ನೂ ಕೆಟ್ಟದ್ದೆಂದರೆ, ನಿಜವಾದ ರಕ್ತವನ್ನೇ ಹಣ್ಣಿನ ಬಣ್ಣ ಎಂದುಕೊಂಡು ಬಿಟ್ಟುಬಿಡುವುದು.

ಮಠದ ಆಸ್ಪತ್ರೆಯಾದ್ದರಿಂದ ಇನ್ನೊಂದು ಮಾತು. ಪ್ರಸಾದವೆಂದು ಕೊಟ್ಟ ಹಣ್ಣನ್ನು ಬೇಡ ಎನ್ನಲು ರೋಗಿಗಳಿಗೆ ಸಂಕೋಚ. ಒಗ್ಗದ ಹಣ್ಣಾದರೆ ಕಣ್ಣಿಗೊತ್ತಿಕೊಂಡು ಪಕ್ಕದವರಿಗೆ ಕೊಡಿ. ಅದರಿಂದ ಅಪಚಾರವೇನೂ ಆಗುವುದಿಲ್ಲ.

ಬೇರೆ ಹಣ್ಣುಗಳ ವಿಚಾರ

ಬೆಣ್ಣೆಹಣ್ಣು ಕೊಡಗಿನ ಕಡೆಯಿಂದ ನಮಗೆ ಬರುತ್ತದೆ. ಕಿವಿ ಆಗದವರಲ್ಲಿ ಕೆಲವರಿಗೆ ಅದೂ ಆಗುವುದಿಲ್ಲ. ಮಾವಿನ ಕಾಯಿಯ ಸೊನೆ ತಾಗಿ ತುಟಿಯ ಸುತ್ತ ಒಂದೆರಡು ದಿನ ಬಿಟ್ಟು ಗುಳ್ಳೆ ಏಳುವುದು ಬೇರೆ ಬಗೆಯ ಅಲರ್ಜಿ. ಅದು ಉಸಿರು ಕಟ್ಟಿಸುವಂಥದ್ದಲ್ಲ, ತೊಳೆದು ಸಿಪ್ಪೆ ತೆಗೆದು ತಿಂದರೆ ಬಹುಮಟ್ಟಿಗೆ ತಪ್ಪುತ್ತದೆ. ಹಲಸು, ಪಪ್ಪಾಯಿ, ಲಿಚ್ಚಿ, ಸ್ಟ್ರಾಬೆರಿ ಕೂಡ ಕೆಲವರಿಗೆ ಒಗ್ಗುವುದಿಲ್ಲ. ಹಣ್ಣು ಯಾವುದಾದರೂ ಮೇಲೆ ಹೇಳಿದ ಲಕ್ಷಣಗಳೂ ಚಿಕಿತ್ಸೆಯೂ ಅವೇ.

ಮೂತ್ರಪಿಂಡದ ಕಾಯಿಲೆ ಇರುವವರಿಗೆ ಮಾತ್ರ ಬೇರೆಯೇ ಎಚ್ಚರಿಕೆ ಇದೆ. ಅಡ್ಡಕ್ಕೆ ಕತ್ತರಿಸಿದರೆ ನಕ್ಷತ್ರದಂತೆ ಕಾಣುವ ಕಮರಾಕ್ಷಿ ಹಣ್ಣನ್ನು, ಕೆಲವು ಕಡೆ ಧಾರೆಹುಳಿ ಎನ್ನುತ್ತಾರೆ, ಅವರು ಒಂದು ಹೋಳೂ ತಿನ್ನಬಾರದು. ಅದರಲ್ಲಿರುವ ವಿಷಾಂಶವನ್ನು ಸೋತ ಮೂತ್ರಪಿಂಡ ಹೊರಹಾಕಲಾರದೆ ಅದು ಮಿದುಳಿಗೆ ಏರುತ್ತದೆ. ನಿಲ್ಲದ ಬಿಕ್ಕಳಿಕೆ, ಗಲಿಬಿಲಿ, ಫಿಟ್ಸ್ ಬಂದು ಪ್ರಾಣಕ್ಕೇ ಕುತ್ತಾದದ್ದುಂಟು. ಡಯಾಲಿಸಿಸ್‌ನಲ್ಲಿರುವವರಿಗೆ ಕಿವಿ, ಬಾಳೆಹಣ್ಣು, ಎಳನೀರು ಕೂಡ ಪೊಟ್ಯಾಸಿಯಂ ಹೆಚ್ಚಾಗಿರುವುದರಿಂದ ವೈದ್ಯರನ್ನು ಕೇಳದೆ ಕೊಡಬಾರದು.

ಮನೆಗೆ ಹೋದ ಮೇಲೆ

ಹೊಸ ಹಣ್ಣನ್ನ ರುಚಿ ನೋಡಬೇಕೆಂದರೆ ಆರೋಗ್ಯವಾಗಿರುವಾಗ, ಹಗಲು ಹೊತ್ತು, ಮನೆಯಲ್ಲಿ ಜನ ಇರುವಾಗ ಒಂದು ಸಣ್ಣ ಹೋಳು ತಿನ್ನಿ. ರಾತ್ರಿ ಮಲಗುವ ಮುಂಚೆ ಬೇಡ. ಮಕ್ಕಳಿಗೂ ಹಾಗೆಯೇ, ಒಂದು ದಿನಕ್ಕೆ ಒಂದೇ ಹೊಸ ಪದಾರ್ಥ.

ಒಮ್ಮೆ ಬಾಯಿ ದಾಟಿ ತೊಂದರೆಯಾಗಿದ್ದರೆ "ಈ ಸಲ ಏನಾಗುತ್ತದೋ ನೋಡೋಣ" ಎಂದು ಮನೆಯಲ್ಲಿ ಪರೀಕ್ಷೆ ಮಾಡಬೇಡಿ. ಎರಡನೆಯ ಸಲ ಮೊದಲಿನಷ್ಟೇ ಆಗುತ್ತದೆಂಬ ಖಾತ್ರಿ ಇಲ್ಲ. ಮೈಸೂರು, ಬೆಂಗಳೂರಿನಲ್ಲಿ ಅಲರ್ಜಿ ತಜ್ಞರು ಹಣ್ಣಿನ ರಸವನ್ನು ಮುಂಗೈ ಚರ್ಮದ ಮೇಲೆ ಚುಚ್ಚಿ ನೋಡುವ ಪರೀಕ್ಷೆ ಮಾಡುತ್ತಾರೆ. ಅದನ್ನೂ ಅಡ್ರಿನಲಿನ್ ಪಕ್ಕದಲ್ಲಿಟ್ಟುಕೊಂಡೇ ಮಾಡುತ್ತಾರೆ.

ಅಲರ್ಜಿ ಇದೆ ಎಂದು ತಿಳಿದವರು ಜ್ಯೂಸ್ ಅಂಗಡಿಯಲ್ಲಿ ಜಾಗ್ರತೆ ವಹಿಸಬೇಕು. ಅದೇ ಚಾಕು, ಅದೇ ಮಿಕ್ಸಿ ಜಾರಿನಲ್ಲಿ ಎಲ್ಲ ಹಣ್ಣೂ ಅರೆಯುತ್ತಾರೆ. ಮದುವೆ ಊಟದ ಫ್ರೂಟ್ ಸಲಾಡಿನಲ್ಲಿ ಹಸಿರು ಹೋಳು ಕಂಡರೆ ಅದನ್ನು ಪಕ್ಕಕ್ಕಿಟ್ಟು ಉಳಿದದ್ದನ್ನು ತಿನ್ನುವುದೂ ಬೇಡ, ರಸ ಎಲ್ಲದಕ್ಕೂ ತಾಗಿರುತ್ತದೆ. ಮಗುವಾದರೆ ಶಾಲೆಯ ಮೇಷ್ಟ್ರಿಗೆ ತಿಳಿಸಿ. ಒಂದು ಸಣ್ಣ ಚೀಟಿಯಲ್ಲಿ "ಕಿವಿ ಹಣ್ಣು ತಿಂದರೆ ಅಲರ್ಜಿ" ಎಂದೂ, ಆಗ ಏನಾಗಿತ್ತು ಎಂದೂ ಬರೆದು ಆಧಾರ್ ಕಾರ್ಡಿನ ಜೊತೆ ಇಟ್ಟುಕೊಳ್ಳಿ. ಮುಂದೆ ಯಾವ ಆಸ್ಪತ್ರೆಗೆ ದಾಖಲಾದರೂ ಅದನ್ನು ಮೊದಲು ತೋರಿಸಿ. ನಮ್ಮಲ್ಲಿ ದಾಖಲಾದವರು ತೋರಿಸಿದರೆ ಕೇಸ್ ಶೀಟಿನ ಮೊದಲ ಪುಟದಲ್ಲೇ ಕೆಂಪು ಶಾಯಿಯಲ್ಲಿ ಬರೆದುಕೊಳ್ಳುತ್ತೇವೆ. ಬರೆದುಕೊಂಡದ್ದನ್ನು ನೀವೂ ಒಮ್ಮೆ ಕಣ್ಣಾರೆ ನೋಡಿ.